ಕಾರ್ಡು ಬಂತು, ಸಂಘ ಎಲ್ಲಿ?

ಚಿಕ್ಕೋಡಿಯಲ್ಲಿ ನಮ್ಮ ಮನೆ ಕಟ್ಟಿಸುವಾಗ ವಾರದ ಪಗಾರ ಹಂಚುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗೌಂಡಿಗೆ ಇಷ್ಟು, ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ಎಂದು ಗುತ್ತಿಗೆದಾರ ಚೀಟಿ ಬರೆದುಕೊಟ್ಟಿದ್ದ. ಬುಟ್ಟಿ ಹೊರುವ ಹೆಂಗಸೊಬ್ಬಳು ಹಣ ಎಣಿಸಿ, "ಅಕ್ಕಾರ, ಹೊತ್ತ ಇಟ್ಟಂಗಿಗೆ ಗಂಡಸರ ತಲಿ, ಹೆಂಗಸರ ತಲಿ ಅಂತ ಗೊತ್ತಾಕ್ಕತೇನ್ರಿ?" ಎಂದಳು. "ಎಲ್ಲಾ ಕಡೆ ಹಿಂಗ ಐತೆವ್ವಾ" ಎಂದು ನಾನು ಒಳಗೆ ಹೋದೆ. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾಯ್ದೆ ಬಂದದ್ದು 1976ರಲ್ಲಿ. ಅದನ್ನು ಮಕ್ಕಳಿಗೆ ಪಾಠ ಹೇಳಿದವಳು ನಾನೇ.

'ಹಿಂಗ ಐತಿ' ಎಂಬ ಮಾತನ್ನು ಒಪ್ಪದ ಹೆಂಗಸರು ಪಕ್ಕದ ನಿಪ್ಪಾಣಿಯಲ್ಲೇ ಇದ್ದರು. ತಂಬಾಕಿನ ಕಾರಖಾನೆಗಳಲ್ಲಿ ಕುಟ್ಟಿ, ಜರಡಿ ಹಿಡಿದು, ದಿನವಿಡೀ ಆ ಧೂಳನ್ನೇ ಉಸಿರಾಡಿದವರು ಅವರು. 1980ರ ಆಸುಪಾಸಿನಲ್ಲಿ ಪ್ರೊ. ಸುಭಾಷ ಜೋಶಿ ಮತ್ತು ಅವರ ಗೆಳೆಯರು ಈ ಹೆಂಗಸರ ಜೊತೆ ನಿಂತರು. ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘ ಕಟ್ಟಿದರು. 1982ರಲ್ಲಿ ಯುಗಾಂತರ ಎಂಬ ಮಹಿಳಾ ತಂಡ, ದೀಪಾ ಧನರಾಜ್ ಅವರ ನಿರ್ದೇಶನದಲ್ಲಿ, ಈ ಹೆಂಗಸರನ್ನು ಕುರಿತೇ ಚಿತ್ರ ಮಾಡಿತು. ಛಾಯಾ ದಾತಾರ ಪುಸ್ತಕ ಬರೆದರು.

ಜೋಶಿಯವರು ಮುಂದೆ ಶಾಸಕರೂ ಆದರು. "ಧುರೀಣರು ವಿಧಾನಸೌಧಕ್ಕೆ ಹೋದರು, ಹೆಂಗಸರಿಗೇನು ಸಿಕ್ಕಿತು?" ಎಂದು ಮೂಗು ಮುರಿಯುವವರು ನಮ್ಮಲ್ಲಿ ಬಹಳ. ನಾನು ಕೇಳುವುದು ಬೇರೆ. ಮಾಲೀಕನ ಮುಂದೆ ತಲೆ ಎತ್ತದಿದ್ದವರು ನೂರಾರು ಜನ ಕೂಡಿ ಕೂಲಿ ಕೇಳಿದರಲ್ಲ, ಅದು ಸಿಕ್ಕಿದ್ದಲ್ಲವೆ? ಒಬ್ಬ ಧುರೀಣನ ಕೆಲಸವನ್ನು ಅವನ ಕುರ್ಚಿಯಿಂದ ಅಳೆಯುವುದೋ, ಅವನಿಲ್ಲದಾಗಲೂ ಮಾತಾಡಬಲ್ಲ ಹೆಂಗಸರಿಂದಲೋ?

ಗೌಂಡಿ ಕೆಲಸದ ಹೆಂಗಸರಿಗೆ ಅಂಥ ಸಂಘ ಕಟ್ಟುವುದು ಸುಲಭವಲ್ಲ, ನಿಜ. ಕಾರಖಾನೆಗೆ ಒಂದು ಬಾಗಿಲು, ಒಬ್ಬ ಮಾಲೀಕ. ಇವರಿಗೆ ಇಂದು ಅಥಣಿಯ ಪ್ಲಾಟು, ಮುಂದಿನ ತಿಂಗಳು ರಾಯಬಾಗ, ಆಮೇಲೆ ಕಾಗವಾಡ. ಆದ್ದರಿಂದಲೇ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಂಥವರು ಮುಂದೆ ನಿಂತು ಕಟ್ಟಡ ಕಾರ್ಮಿಕರಿಗಾಗಿಯೇ ಕೇಂದ್ರದ ಕಾಯ್ದೆ ಬೇಕೆಂದು ವರ್ಷಗಟ್ಟಲೆ ದುಡಿದರು. 1996ರಲ್ಲಿ ಕಾಯ್ದೆ ಬಂತು. ಕಟ್ಟಡದ ವೆಚ್ಚದಲ್ಲಿ ಶೇಕಡಾ 1ರಷ್ಟು ಸೆಸ್ಸು ಕಾರ್ಮಿಕರಿಗೆಂದು ಮೀಸಲಾಯಿತು. ಕರ್ನಾಟಕದಲ್ಲಿ ಕಲ್ಯಾಣ ಮಂಡಳಿ ಆಗಲು 2007 ಬರಬೇಕಾಯಿತು. 2025ರ ನವೆಂಬರಿನಲ್ಲಿ ಆ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಸೇರಿಹೋಯಿತು.

ಕಾರ್ಡು ಬಂತು. ಸಂಘ ಮಾತ್ರ ಬರಲಿಲ್ಲ. ಸಂಘವಿಲ್ಲದ ಕಡೆ ಏಜೆಂಟರು ಬಂದರು. ವರ್ಷಕ್ಕೆ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕಿತ್ತು. ಒಂದು ದಿನವೂ ಬುಟ್ಟಿ ಹೊರದವರಿಗೆ ಅದು ಸಿಕ್ಕಿತು. ನಕಲಿ ಕಾರ್ಡುಗಳನ್ನು ಸರಕಾರವೇ ರದ್ದು ಮಾಡಬೇಕಾಯಿತು. ನಿಜವಾಗಿ ಹೊತ್ತವಳು ಸಹಿಗಾಗಿ ಅಲೆದಳು.

ಆ ಸಹಿ ಯಾರದು? ಕೆಲಸ ಕೊಟ್ಟವರದು. ಅಂದರೆ ನನ್ನದು, ನಿಮ್ಮದು. ಅಡಿಗೆಮನೆಯ ಕಟ್ಟೆ ಎಷ್ಟು ಎತ್ತರ, ದೇವರಮನೆ ಯಾವ ದಿಕ್ಕಿಗೆ ಎಂದು ಹಟ ಹಿಡಿಯುವ ನಾವು, ಹೆಣ್ಣಾಳಿನ ಕೂಲಿ ಬಂದಾಗ ಮಾತ್ರ "ಅದೆಲ್ಲ ಗುತ್ತಿಗೆದಾರರಿಗೆ ಬಿಟ್ಟದ್ದು" ಎನ್ನುತ್ತೇವೆ. ಮಹಿಳಾ ಮಂಡಳದಲ್ಲಿ ಭಾಷಣ ಮಾಡಿ ಬಂದು ಹಾಗೆನ್ನುತ್ತೇವೆ.

ವಾಸ್ತುಶಾಂತಿಯ ದಿನ ಗೌಂಡಿಗೆ ಟೋಪಿ ಟಾವೆಲು ಕೊಟ್ಟು ಸನ್ಮಾನ ಮಾಡಿದೆವು. ಆ ಹೆಂಗಸನ್ನು ಊಟಕ್ಕೂ ಕರೆಯಲಿಲ್ಲ. ಅವಳ ಹೆಸರನ್ನು ನಾನು ಕೇಳಿರಲೂ ಇಲ್ಲ. ನೀವು ಮನೆ ಕಟ್ಟಿಸುತ್ತಿದ್ದರೆ ಹೆಸರು ಕೇಳಿರಿ, ಗಂಡಾಳಿಗೆ ಕೊಟ್ಟಷ್ಟೇ ಕೊಡಿರಿ, ಕಾಗದಕ್ಕೆ ಸಹಿ ಹಾಕಿರಿ. ನಾಳೆ ಅವರು ನಾಲ್ಕು ಜನ ಕೂಡಿ ನಿಮ್ಮ ಬಾಗಿಲಿಗೆ ಹೆಚ್ಚು ಕೂಲಿ ಕೇಳಲು ಬಂದರೆ, ದಯವಿಟ್ಟು ಸಿಟ್ಟಾಗಬೇಡಿರಿ. ಸಂಘ ಶುರುವಾಗುವುದು ಹಾಗೆಯೇ.