ತಯಾರಿ ಹೈಸ್ಕೂಲಿನಿಂದಲೇ ಆಗಲಿ

ಅಂಗವಿಕಲ ಮಕ್ಕಳ ಉದ್ಯೋಗದ ಮಾತು ಬಂದಾಗ ಹಿಂದೆಲ್ಲ ನಾಲ್ಕೈದು ಹೆಸರುಗಳಷ್ಟೇ ಕೇಳಿಬರುತ್ತಿದ್ದವು: ಬೆತ್ತದ ಕುರ್ಚಿ ಹೆಣೆಯುವುದು, ಮೇಣದ ಬತ್ತಿ ತಯಾರಿಕೆ, ಟೆಲಿಫೋನ್ ಆಪರೇಟರ್ ಹುದ್ದೆ, ಎಸ್‌ಟಿಡಿ ಬೂತ್. ಮೊಬೈಲ್ ಬಂದ ಮೇಲೆ ಬೂತ್‌ಗಳು ಮುಚ್ಚಿದವು. ಅದೊಂದನ್ನೇ ನಂಬಿದ್ದವರ ಜೀವನೋಪಾಯವೂ ಹೋಯಿತು. ಮಗುವನ್ನು ಒಂದೇ ಕಸುಬಿಗೆ ಕಟ್ಟಿಹಾಕಬಾರದೆಂಬ ಪಾಠ ಇದರಲ್ಲಿದೆ.

ಕಾನೂನಿನ ಬೆಂಬಲ ಈಗ ಹೆಚ್ಚಿದೆ. 1995ರ ಕಾಯ್ದೆ ಸರ್ಕಾರಿ ನೌಕರಿಯಲ್ಲಿ ಶೇ. 3ರ ಮೀಸಲಾತಿ ನೀಡಿತ್ತು. 2016ರ ಕಾಯ್ದೆ ಅದನ್ನು ಶೇ. 4ಕ್ಕೆ ಏರಿಸಿತು; ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ರಷ್ಟು ಸೀಟು ಮೀಸಲಿಟ್ಟಿತು. ಇದರ ಪ್ರಯೋಜನ ಪಡೆಯಲು ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಆದರೆ "ಮೀಸಲಾತಿ ಇದೆಯಲ್ಲ" ಎಂದು ಪೋಷಕರು ನಿಶ್ಚಿಂತರಾಗುವಂತಿಲ್ಲ. ಮೀಸಲು ಹುದ್ದೆಗೂ ವಿದ್ಯಾರ್ಹತೆ ಬೇಕು, ಕೆಲಸ ಬರಬೇಕು. ಅದರ ತಯಾರಿ ಎಂಟನೇ ತರಗತಿಯಲ್ಲೇ ಆರಂಭವಾಗಬೇಕು.

ಮೊದಲನೆಯದು ವಿಷಯಗಳ ಆಯ್ಕೆ. ಪಾಸಾದರೆ ಸಾಕೆಂದು ಗಣಿತ, ವಿಜ್ಞಾನ ಬಿಡಿಸುವ ಮುನ್ನ ಸಾವಧಾನವಾಗಿ ಯೋಚಿಸಿ. ಪಾಲಿಟೆಕ್ನಿಕ್ ಡಿಪ್ಲೊಮಾಗಳಿಗೆ ಸಾಮಾನ್ಯವಾಗಿ ಇವೆರಡೂ ಬೇಕು. ಹದಿನೈದರಲ್ಲಿ ಪಡೆದ ರಿಯಾಯಿತಿ ಇಪ್ಪತ್ತರಲ್ಲಿ ಅಡ್ಡಿಯಾದೀತು. ಮೈಸೂರಿನಲ್ಲಿ ಜೆಎಸ್‌ಎಸ್ ಸಂಸ್ಥೆ ಅಂಗವಿಕಲರಿಗಾಗಿಯೇ ಪಾಲಿಟೆಕ್ನಿಕ್ ನಡೆಸುತ್ತಿದೆ. ಅಲ್ಲಿನ ಕೋರ್ಸುಗಳನ್ನೂ ಪ್ರವೇಶದ ಅರ್ಹತೆಯನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಎರಡನೆಯದು ಪರೀಕ್ಷೆಯ ಅಭ್ಯಾಸ. ಬರಹಗಾರರ ನೆರವು ಪಡೆಯಲು ಅರ್ಹರಾದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತ್ತು. ಉತ್ತರವನ್ನು ಕ್ರಮವಾಗಿ ಹೇಳಿ ಬರೆಸುವುದೂ ಒಂದು ವಿದ್ಯೆ. ಅದನ್ನು ಪರೀಕ್ಷೆಯ ದಿನ ಕಲಿಯಲಾಗದು, ಮನೆಯಲ್ಲೇ ರೂಢಿಸಿ.

ಮೂರನೆಯದು ಕಂಪ್ಯೂಟರ್. ದೃಷ್ಟಿಯಿಲ್ಲದವರಿಗೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಟಿಪ್ಪಣಿಗಳು ಯುನಿಕೋಡ್‌ನಲ್ಲಿರಬೇಕು, ಅಷ್ಟೇ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪು ಮಾಡಿದ್ದು ಅದಕ್ಕೆ ಅರ್ಥವಾಗದು. ಶಿಕ್ಷಕರು ಇದನ್ನು ಗಮನಿಸಿದರೆ ದೊಡ್ಡ ಉಪಕಾರ.

ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು, ಪೋಷಕರ ಪಾಲಿನದು. ಊಟ ಬಡಿಸಿಕೊಳ್ಳುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಳ್ಳುವುದು, ಬಸ್ಸು ಹತ್ತಿ ಹೋಗಿಬರುವುದು ಇವನ್ನೆಲ್ಲ ಪ್ರೀತಿಯಿಂದ ನಾವೇ ಮಾಡಿಕೊಟ್ಟರೆ ಪದವಿ ಬಂದ ಮೇಲೂ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಸ್ವಲ್ಪ ತಡವಾದರೂ ಸರಿ, ತಪ್ಪಿದರೂ ಸರಿ, ಅವರೇ ಮಾಡಲಿ.

ದೃಷ್ಟಿದೋಷವೊಂದೇ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡಬಾರದೆಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ತೀರ್ಪಿತ್ತಿದೆ. ನ್ಯಾಯಾಧೀಶರಾಗಲೂ ಅವಕಾಶವಿರುವಾಗ, ಮಕ್ಕಳ ಯೋಗ್ಯತೆ ಇಷ್ಟೇ ಎಂದು ಮನೆಯಲ್ಲಿ ನಾವೇ ತೀರ್ಪು ಬರೆದುಬಿಡುವುದು ಬೇಡ.