ಓಣಿಗೊಂದು ವಾಟ್ಸ್ಆ್ಯಪ್ ಗ್ರೂಪ್ ಇದ್ದರೆ ನೆರೆಹೊರೆ ಗಟ್ಟಿಯಾಗುತ್ತದೆಯೇ?

‘ಒಂಟಿತನ ದಿನಕ್ಕೆ 15 ಸಿಗರೇಟ್ ಸೇದಿದಷ್ಟು ಅಪಾಯಕಾರಿ, ನೆರೆಹೊರೆಯವರ ಜೊತೆ ಬೆರೆಯಿರಿ’ ಎನ್ನುವಂಥ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಅದೇ ಗ್ರೂಪ್‌ನಲ್ಲಿ ಇನ್ನೊಂದು ದಿನ ‘ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರ್’ ಎಂಬುದೂ ಬರುತ್ತದೆ. ಎರಡನ್ನೂ ನಾವು ನೆರೆಹೊರೆಯವರ ಒಳ್ಳೆಯದಕ್ಕೆಂದೇ ಮುಂದೆ ಕಳಿಸುತ್ತೇವೆ. ಆದರೆ ನೆರೆಹೊರೆಯ ನಂಟಿನಿಂದ ನಿಜಕ್ಕೂ ಜೀವ ಉಳಿಯುತ್ತದೆಯೇ? ಉಳಿಯುವುದಾದರೆ ಎಂಥ ನಂಟಿನಿಂದ?

15 ಸಿಗರೇಟ್ ಮಾತು ಎಷ್ಟು ನಿಜ?

ಈ ಮಾತಿನ ಮೂಲ 2010ರಲ್ಲಿ ಅಮೆರಿಕದ ಸಂಶೋಧಕಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆ. 148 ಅಧ್ಯಯನಗಳು, 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಅದರಲ್ಲಿತ್ತು. ಜನರೊಂದಿಗೆ ಒಳ್ಳೆಯ ಸಂಬಂಧ ಇದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಸುಮಾರು 50% ಹೆಚ್ಚಿತ್ತು. ಈ ಪರಿಣಾಮದ ಗಾತ್ರವನ್ನು ಧೂಮಪಾನದಂಥ ಇತರ ಅಪಾಯಗಳ ಜೊತೆ ಹೋಲಿಸಿ ನೋಡಿದಾಗ ಸಿಗರೇಟಿನ ಮಾತು ಬಂತು. ಅಂದರೆ ಅದು ಹೋಲಿಕೆ ಮಾತ್ರ. ಒಂದು ಸಂಜೆ ಒಬ್ಬರೇ ಕೂತರೆ 15 ಸಿಗರೇಟ್ ಸೇದಿದಂತೆ ಎಂದಲ್ಲ. ಆದರೂ ಸಂದೇಶದ ತಿರುಳು ಸುಳ್ಳಲ್ಲ.

ಬಿಸಿಲಿನಲ್ಲಿ ಕಂಡ ವ್ಯತ್ಯಾಸ

1995ರ ಜುಲೈನಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಬಿಸಿಗಾಳಿಯಿಂದ 700ಕ್ಕೂ ಹೆಚ್ಚು ಜನ ಸತ್ತರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಅಲ್ಲಿನ ಅಕ್ಕಪಕ್ಕದ ಎರಡು ಬಡ ಬಡಾವಣೆಗಳನ್ನು ಹೋಲಿಸಿದರು. ಒಂಟಿಯಾಗಿರುವ ವೃದ್ಧರು ಎರಡರಲ್ಲೂ ಸಾಕಷ್ಟಿದ್ದರು. ಆದರೆ ಒಂದರಲ್ಲಿ ಸಾವಿನ ಪ್ರಮಾಣ ಇನ್ನೊಂದರ ಸುಮಾರು 10 ಪಟ್ಟು. ಸಾವು ಕಡಿಮೆ ಇದ್ದ ಕಡೆ ಅಂಗಡಿಗಳು ತೆರೆದಿದ್ದವು, ಬೀದಿಯಲ್ಲಿ ಜನರ ಓಡಾಟವಿತ್ತು, ವೃದ್ಧರು ಹೊರಗೆ ಬರುತ್ತಿದ್ದರು. ಸಾವು ಹೆಚ್ಚಿದ್ದ ಕಡೆ ಖಾಲಿ ಮನೆಗಳಿದ್ದವು. ಹೊರಗಿನ ಭಯಕ್ಕೆ ಜನ ಬಾಗಿಲು ಹಾಕಿಕೊಂಡಿದ್ದರು. ಇದೊಂದೇ ಕಾರಣ ಎನ್ನಲಾಗದು. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕೊಪ್ಪಳ, ಗಂಗಾವತಿ ಕಡೆಯ ನಮಗೆ ಇದರಲ್ಲಿ ಪಾಠವಿದೆ. ಎದುರು ಮನೆಯ ಅಜ್ಜಿ ಇವತ್ತು ಯಾಕೆ ಕಟ್ಟೆಗೆ ಬಂದಿಲ್ಲ ಎಂದು ಕೇಳುವವರು ಬೇಕು.

ಅದೇ ಒಗ್ಗಟ್ಟು ಜೀವ ತೆಗೆದದ್ದೂ ಉಂಟು

2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ನಡೆದದ್ದು ಇದಕ್ಕೆ ಪೂರ್ತಿ ವಿರುದ್ಧ. ಹೈದರಾಬಾದಿನಿಂದ ಬಂದಿದ್ದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ‘ಮಕ್ಕಳ ಕಳ್ಳರು’ ಎಂಬ ವದಂತಿ ವಾಟ್ಸ್ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂಚೆ ಮುರ್ಕಿ ಗ್ರಾಮ ತಲುಪಿತು. ಅಲ್ಲಿ ರಸ್ತೆ ತಡೆದ ಜನರ ಹೊಡೆತಕ್ಕೆ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಅದೇ ವರ್ಷ ದೇಶದ ಹಲವೆಡೆ ಇಂಥ ಕೊಲೆಗಳು ನಡೆದ ಮೇಲೆ, ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಬಂತು.

ಇಲ್ಲಿ ಒಗ್ಗಟ್ಟಿಗೆ ಕೊರತೆ ಇರಲಿಲ್ಲ. ‘ನಮ್ಮವರು’ ಕಳಿಸಿದ್ದನ್ನೆಲ್ಲ ನಂಬಿ, ‘ಹೊರಗಿನವರನ್ನು’ ಒಂದು ಮಾತೂ ಕೇಳದ ಒಗ್ಗಟ್ಟು ಅದು. ಒಳಗಿನವರನ್ನು ಮಾತ್ರ ಬಿಗಿಯಾಗಿ ಕಟ್ಟುವ ನಂಟು ಬೇರೆ, ಹೊರಗಿನವರಿಗೂ ಸೇತುವೆಯಾಗುವ ನಂಟು ಬೇರೆ ಎಂದು ಸಮಾಜಶಾಸ್ತ್ರ ಹೇಳುವುದು ಇದಕ್ಕೇ. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಅಪಾಯಕಾರಿ ಆಗಬಹುದು.

ಹೊಳೆ ದಂಡೆಯ ಪ್ರಶ್ನೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟ್‌ಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟ್‌ಗಳಿಂದಲೂ ನೀರು ಬಿಟ್ಟರು. ‘ಗೇಟ್ ಹೋಗಿದೆ’ ಎಂಬುದಕ್ಕೂ ‘ಡ್ಯಾಂ ಒಡೆದಿದೆ’ ಎಂಬುದಕ್ಕೂ ಭೂಮಿ ಆಕಾಶದ ಅಂತರವಿದೆ. ಅಣೆಕಟ್ಟೆ ಒಡೆದಿರಲಿಲ್ಲ. ಸುಮಾರು ವಾರದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದರು.

ಹನುಮನಹಳ್ಳಿ, ಆನೆಗೊಂದಿಯಂಥ ಕೆಳದಂಡೆಯ ಊರುಗಳಿಗೆ ಇಂಥ ರಾತ್ರಿ ಬೇಕಾದದ್ದು ನೂರು ಫಾರ್ವರ್ಡ್ ಅಲ್ಲ. ಎಷ್ಟು ನೀರು ಬಿಟ್ಟಿದ್ದಾರೆ, ಯಾರು ಹೇಳಿದರು ಎಂದು ಕೇಳಿ ತಿಳಿಯುವ ಒಬ್ಬರು ಬೇಕು. ಹೊಳೆ ಪಕ್ಕದ ಗದ್ದೆಯಲ್ಲಿರುವವರಿಗೆ, ಹೋಮ್‌ಸ್ಟೇಗೆ ಬಂದು ಹೊಳೆಯ ಗುಣ ತಿಳಿಯದ ಪ್ರವಾಸಿಗೆ ಅದನ್ನು ಮುಟ್ಟಿಸುವ ಇನ್ನೊಬ್ಬರು ಬೇಕು. ಇವರಲ್ಲಿ ಹಲವರು ಊರಿನ ಗ್ರೂಪ್‌ನಲ್ಲಿ ಇರುವುದೇ ಇಲ್ಲ.

ಕೆಲಸದಿಂದ ಬೆಳೆಯುವ ನಂಟು

ಇಂಥ ಪರಿಚಯ ಒಟ್ಟಿಗೆ ಕೆಲಸ ಮಾಡಿದಾಗ ಬೆಳೆಯುತ್ತದೆ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದಾಳತ್ವದಲ್ಲಿ ಜನ ಹಿರೇಹಳ್ಳದ ಸುಮಾರು 26 ಕಿ.ಮೀ. ಉದ್ದವನ್ನು ಸ್ವಚ್ಛ ಮಾಡಿದರು. ಬೇರೆ ಬೇರೆ ಊರಿನವರು ಒಂದೇ ಹಳ್ಳಕ್ಕಿಳಿದರು. ಎಲ್ಲ ಕಡೆಯೂ ಇಂಥ ಮುಂದಾಳು ಸಿಗುವುದಿಲ್ಲ ನಿಜ. ಒಂದು ಓಣಿಯ ಚರಂಡಿ, ಒಂದು ಬೀದಿದೀಪದಿಂದಲೂ ಶುರುವಾಗಬಹುದು.

ಕಾನೂನು ಏನು ಕೊಟ್ಟಿದೆ? ಹಳ್ಳಿಯ ಮತದಾರರಿಗೆ ಗ್ರಾಮಸಭೆ ಇದೆ. ಕರ್ನಾಟಕದಲ್ಲಿ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಪಟ್ಟಣದಲ್ಲಿ? ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಗಂಗಾವತಿ 1 ಲಕ್ಷ ಚಿಲ್ಲರೆ, ಕೊಪ್ಪಳ ಸುಮಾರು 70 ಸಾವಿರ. ಆ ಕಡ್ಡಾಯ ಇವುಗಳಿಗೆ ಅನ್ವಯಿಸದು. ಹಾಗಾಗಿ ಹಳ್ಳಿಯಿಂದ ಪೇಟೆಗೆ ಬಂದವರಿಗೆ ಕೂತು ಕೇಳುವ ಜಾಗ ಕಡಿಮೆಯಾಗುತ್ತದೆ. ಆ ಜಾಗವನ್ನು ಓಣಿಯವರೇ ಮಾಡಿಕೊಳ್ಳಬೇಕಾಗುತ್ತದೆ.

ನಾವೇನು ಮಾಡಬಹುದು?

• ಓಣಿಯಲ್ಲಿ ಒಬ್ಬರೇ ಇರುವ ಹಿರಿಯರು ಯಾರು, ಬೇಸಿಗೆಯಲ್ಲಿ ಅವರನ್ನು ದಿನಕ್ಕೊಮ್ಮೆ ಮಾತಾಡಿಸುವವರು ಯಾರು ಎಂದು ಗೊತ್ತುಮಾಡಿ.
• ಗ್ರೂಪ್‌ನಲ್ಲಿಲ್ಲದ ಮನೆಗಳನ್ನು ನೆನಪಿಡಿ. ಬಾಡಿಗೆಗೆ ಬಂದವರು, ಬೇರೆ ಭಾಷೆಯವರು, ಸ್ಮಾರ್ಟ್‌ಫೋನ್ ಇಲ್ಲದವರು ಸಾಮಾನ್ಯವಾಗಿ ಹೊರಗುಳಿಯುತ್ತಾರೆ.
• ಭಯದ ಸಂದೇಶ ಬಂದರೆ ‘ಯಾರು ಕಂಡರು, ಎಲ್ಲಿ, ಯಾವಾಗ?’ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ನಿಜವಾದ ಅನುಮಾನವಿದ್ದರೆ 112ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098.
• ತಿಂಗಳಿಗೊಂದು ಸಣ್ಣ ಕೆಲಸ ಒಟ್ಟಿಗೆ ಮಾಡಿ. ಸಮಸ್ಯೆಯನ್ನು ಗ್ರೂಪ್‌ನಲ್ಲಿ ಬೈದು ಬಿಡುವ ಬದಲು ಹತ್ತು ಜನ ಸಹಿ ಮಾಡಿ ಪಂಚಾಯಿತಿಗೋ ನಗರಸಭೆಗೋ ಕೊಡಿ, ಸ್ವೀಕೃತಿ ಪಡೆಯಿರಿ.

ಕೊನೆಯ ಮಾತು: ನೆರೆಹೊರೆಯ ನಂಟು ಜೀವ ಉಳಿಸುತ್ತದೆ ಎಂಬುದಕ್ಕೆ ಆಧಾರವಿದೆ. ಆದರೆ ವಾಟ್ಸ್ಆ್ಯಪ್ ಗ್ರೂಪ್ ಇದ್ದ ಮಾತ್ರಕ್ಕೆ ಆ ನಂಟು ಬರುವುದಿಲ್ಲ. ಗ್ರೂಪ್ ಸುದ್ದಿಯನ್ನು ಬೇಗ ಮುಟ್ಟಿಸುತ್ತದೆ, ಅಷ್ಟೇ. ಅದರಿಂದ ಸಹಾಯ ಓಡಿಬರುವುದೋ ಗುಂಪು ಓಡಿಬರುವುದೋ ಎಂಬುದು, ಸುದ್ದಿ ಬರುವ ಮೊದಲೇ ನಾವು ಒಬ್ಬರನ್ನೊಬ್ಬರು ಎಷ್ಟು ಬಲ್ಲೆವು ಎಂಬುದರ ಮೇಲೆ ನಿಂತಿದೆ.