ಸೋರುವ ಪೈಪು, ಜವಳಾಗುವ ಹೊಲ

ನಮ್ಮ ಘಟ್ಟದ ಊರುಗಳಲ್ಲಿ ಅಬ್ಬಿಯ ನೀರು ಅಡಿಕೆ ದಬ್ಬೆಯಲ್ಲಿ ಅಂಗಳಕ್ಕೆ ಬರುತ್ತಿದ್ದ ಕಾಲದಲ್ಲಿ, ದಬ್ಬೆ ಸೋರಿದರೆ ಯಾರೂ ಚಿಂತಿಸುತ್ತಿರಲಿಲ್ಲ. ಇಳಿಜಾರಿನ ನೀರು ಕೆಳಗಿನ ತೋಟಕ್ಕೋ ಹಳ್ಳಕ್ಕೋ ಸೇರುತ್ತಿತ್ತು. ಬೀದರ್ ಜಿಲ್ಲೆಯ ಸಮತಟ್ಟಾದ ಎರೆಭೂಮಿಯಲ್ಲಿ ಸೋರಿದ ನೀರಿಗೆ ಹೋಗಲು ದಾರಿಯೇ ಇಲ್ಲ.

ಬೀದರ್ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಆ ಕಲ್ಲು ನೀರನ್ನು ಹೀರಿ ಕೆಳಗಿಳಿಸುತ್ತದೆ. 15ನೆಯ ಶತಮಾನದ ಬಹಮನಿ ಕಾಲದ ನೌಬಾದಿನ ಸುರಂಗ ಬಾವಿ ಈ ಒಸರನ್ನೇ ನಂಬಿ ಕಟ್ಟಿದ್ದು. ಸಾಲುಬಾವಿಗಳ ಮೂಲಕ ಇಳಿದು ಅದನ್ನು ದುರಸ್ತಿ ಮಾಡಲೂ ಅವರು ದಾರಿ ಇಟ್ಟಿದ್ದರು. ಇಂದಿನ ಪೈಪಿಗೆ ಅಂಥ ಯೋಚನೆ ವಿರಳ.

ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ಕಪ್ಪು ಎರೆಯೇ ಹೆಚ್ಚು. ಜೇಡಿ ತುಂಬಿದ ಈ ಮಣ್ಣು ನೆನೆದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಈ ಎಳೆದಾಟದಲ್ಲಿ ಹೂತ ಪೈಪಿನ ಬೆಸುಗೆ, ಜೋಡಣೆಗಳು ಸಡಿಲಗೊಳ್ಳುತ್ತವೆ. ಸೋರಿದ ನೀರು ಮಣ್ಣನ್ನು ಮತ್ತೆ ಉಬ್ಬಿಸುತ್ತದೆ. ಅಲ್ಲಿ ನಿಂತಿರುವ ತೊಗರಿಯ ಬೇರಿಗೆ ಗಾಳಿಯಾಡುವುದಿಲ್ಲ. ಗಿಡ ಹಳದಿಯಾಗಿ, ಬೇರು ಕೊಳೆತು ಸೊರಗುತ್ತದೆ. ತಿಂಗಳುಗಟ್ಟಲೆ ನೀರು ನಿಂತ ಜಾಗದಲ್ಲಿ ಅಡಿಯ ಲವಣ ಮೇಲೇರಿ, ಬಿಸಿಲಿಗೆ ನೀರು ಆರಿದಾಗ ಬಿಳಿ ಪೊರೆಯಾಗಿ ಉಳಿಯುತ್ತದೆ. ಹಾಗೆ ಜವಳಾದ ನೆಲವನ್ನು ಒಂದೆರಡು ಹಂಗಾಮಿನಲ್ಲಿ ಸರಿಪಡಿಸಲಾಗದು.

ಸೆಕೆಂಡಿಗೆ ಒಂದು ಲೀಟರ್ ಸೋರುವ ಬಿರುಕನ್ನೇ ತೆಗೆದುಕೊಳ್ಳಿ. ದಿನಕ್ಕೆ 86,400 ಲೀಟರ್ ಆಯಿತು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ತಲೆಗೆ ದಿನಕ್ಕೆ 55 ಲೀಟರ್ ಎಂದಿತು. ಆ ಲೆಕ್ಕದಲ್ಲಿ 1,500ಕ್ಕೂ ಹೆಚ್ಚು ಜನರ ಪಾಲು ಒಬ್ಬ ರೈತನ ಬೆಳೆಯನ್ನು ಕೆಡಿಸಲು ವ್ಯಯವಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಹಳ್ಳಿಗಳಿರುವ ಸೀಮೆ ಇದು. ಪೂರೈಕೆ ನಿಂತು ಒತ್ತಡ ಇಳಿದಾಗಲಂತೂ ಅದೇ ಬಿರುಕು ಹೊರಗಿನ ಕೊಳೆನೀರನ್ನು ಒಳಗೆಳೆದುಕೊಂಡು ನಲ್ಲಿಗೆ ತಲುಪಿಸುತ್ತದೆ.

ನಗರಕ್ಕೆ ನೀರುಣಿಸುವ ಕಾರಂಜಾ ಜಲಾಶಯ ಇರುವುದು ಭಾಲ್ಕಿ ತಾಲ್ಲೂಕಿನಲ್ಲಿ. ಅದಕ್ಕಾಗಿ ಹೊಲ ಮುಳುಗಿಸಿಕೊಂಡವರು ನ್ಯಾಯವಾದ ಪರಿಹಾರಕ್ಕೆ ವರ್ಷಗಟ್ಟಲೆ ಹೋರಾಡಬೇಕಾಯಿತು. ಪೈಪು ಹಾಯ್ದ ಹೊಲದವನ ಗೋಳು ಅಷ್ಟು ದೊಡ್ಡದಲ್ಲ, ಆದ್ದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಳೆ ವಿಮೆ ಇರುವುದು ಪ್ರಕೃತಿ ವಿಕೋಪಕ್ಕೆ. ಒಡೆದ ಪೈಪನ್ನು ಪ್ರಕೃತಿಯ ತಲೆಗೆ ಕಟ್ಟಲಾದೀತೆ?

ನಿರ್ವಹಣೆಯ ಗುತ್ತಿಗೆಯಲ್ಲಿಯೇ ಬೆಳೆನಷ್ಟದ ಪರಿಹಾರವೂ ಸೇರಬೇಕು, ದುರಸ್ತಿಗೆ ದಿನಗಳ ಗಡುವಿರಬೇಕು. ಪ್ರತಿ ಕವಾಟದ ಮೇಲೆ ಹೊಣೆಗಾರರ ದೂರವಾಣಿ ಸಂಖ್ಯೆ ಬರೆಸಲಿ. ಸೋರಿಕೆ ಕಂಡ ದಿನ, ಮುಚ್ಚಿದ ದಿನ, ಕೆಟ್ಟ ಬೆಳೆಯ ಗುಂಟೆ ಲೆಕ್ಕವನ್ನು ಗ್ರಾಮ ಪಂಚಾಯಿತಿಯಲ್ಲಿ ದಾಖಲಿಸಲಿ. ಈ ಪುಸ್ತಕವನ್ನು ಊರಿನ ವಿದ್ಯಾರ್ಥಿಗಳೇ ಇಡಬಲ್ಲರು.